ಸೇರಿಲ್ಲ, ಹಾರಿದೆ ಅಷ್ಟೆ

2025ರ ಸೆಪ್ಟೆಂಬರ್ 26, ಶುಕ್ರವಾರ, ಚಂಡೀಗಡದಲ್ಲಿ ಮಿಗ್-21 ಯುದ್ಧವಿಮಾನಗಳು ಕೊನೆಯ ಸಲ ಹಾರಿದವು. 1963ರಲ್ಲಿ ವಾಯುಪಡೆಗೆ ಸೇರಿದ್ದ ವಿಮಾನ ಅರವತ್ತೆರಡು ವರ್ಷಗಳ ನಂತರ ನಿವೃತ್ತಿಯಾಯಿತು. ಅದೇ ಬೆಳಿಗ್ಗೆ ಆರೂಮುಕ್ಕಾಲಿಗೆ, ಕತ್ರಿಗುಪ್ಪೆಯ ನಮ್ಮ ಪಾರ್ಕಿನ ಹೊಂಗೆ ಮರದ ಕೆಳಗಿನ ಕಲ್ಲುಬೆಂಚಿನಲ್ಲಿ ಇಬ್ಬರೇ ಕೂತಿದ್ದೆವು. ಮೂರನೆಯವರು ಬರದೆ ಹನ್ನೊಂದು ದಿನವಾಗಿತ್ತು.

ಆ ಬೆಂಚು ಮೂವರಿಗೆ ಸರಿಯಾಗಿತ್ತು. ಬಲತುದಿಯಲ್ಲಿ ಓನರ್ ಕೂರುತ್ತಿದ್ದರು. ಅವರದು ಹೊಸಕೆರೆಹಳ್ಳಿಯ ಹಳೆಯ ಒಕ್ಕಲು ಮನೆತನ. ತಂದೆಯ ಹೊಲ ಬಡಾವಣೆಗೆ ಹೋದ ಮೇಲೆ ಉಳಿದ ಸೈಟುಗಳಲ್ಲಿ ಎರಡು ಪಿಜಿ ಕಟ್ಟಿಸಿದ್ದರು. ಅಲ್ಲಿನ ಹುಡುಗರು ಕರೆಯುವ ಹೆಸರೇ ಪಾರ್ಕಿಗೂ ಬಂದಿತ್ತು. ಎಡತುದಿ ಕಾರ್ಖಾನೆಯವರದು. ಊರಿನ ಪೂರ್ವಕ್ಕಿದ್ದ ವಿಮಾನ ಕಾರ್ಖಾನೆಯಲ್ಲಿ ಮೂವತ್ತೇಳು ವರ್ಷ ದುಡಿದು, ತಪಾಸಣೆ ವಿಭಾಗದಿಂದ ನಿವೃತ್ತರಾದವರು. ಮೊದಲು ನಮ್ಮ ಬೀದಿಯ ಹತ್ತಿರವೇ ಬಾಡಿಗೆಗಿದ್ದರು. ಉತ್ತರಹಳ್ಳಿಯಲ್ಲಿ ಮನೆ ಕಟ್ಟಿಸಿಕೊಂಡು ಹೋದ ಮೇಲೂ ನಡೆಯುವುದಕ್ಕೆಂದು ಬಸ್ಸು ಹತ್ತಿ ಇದೇ ಪಾರ್ಕಿಗೆ ಬರುತ್ತಿದ್ದರು. ನಡೆಯಲು ಬಸ್ಸಿನಲ್ಲಿ ಬರುವವರು ಎಂದು ಓನರ್ ಚುಡಾಯಿಸುತ್ತಿದ್ದರು. ಇಬ್ಬರ ನಡುವೆ ನಾನು. ಒಂದು ದಿನಪತ್ರಿಕೆಯ ಸುದ್ದಿ ಡೆಸ್ಕಿನಲ್ಲಿ ಮೂವತ್ತೊಂದು ವರ್ಷ ಬೇರೆಯವರು ಬರೆದದ್ದನ್ನು ತಿದ್ದಿ, ತಲೆಬರಹ ಕೊಟ್ಟು, ಪುಟಕ್ಕೆ ಕಳಿಸುತ್ತಿದ್ದವನು.

ನಮ್ಮ ಮಾತು ಯುದ್ಧವಿಮಾನಗಳದ್ದು. ಅದು ಹೇಗೆ ಶುರುವಾಯಿತೆಂದು ಈಗ ಖಚಿತವಾಗಿ ಹೇಳಲಾರೆ. ರಫೇಲ್ ಬಂದ ವರ್ಷ ಇರಬೇಕು. ಬೇರೆ ಬೆಂಚುಗಳಲ್ಲಿ ಸಕ್ಕರೆ ಕಾಯಿಲೆ, ರಾಜಕೀಯ, ಮಂಡಿನೋವಿನ ಚರ್ಚೆ ನಡೆಯುತ್ತಿತ್ತು. ನಮ್ಮಲ್ಲಿ ಒಂದು ಎಂಜಿನ್ ಸಾಕೇ ಎರಡು ಬೇಕೇ, ಕೊಳ್ಳಬೇಕೇ ಮಾಡಬೇಕೇ, ರಷ್ಯಾದ್ದೋ ಅಮೆರಿಕದ್ದೋ ಎಂಬುದು ಒಂದು ಗಂಟೆ ನಡೆಯುತ್ತಿತ್ತು. ಓನರ್ ಪ್ರತಿ ರಾತ್ರಿ ಯೂಟ್ಯೂಬಿನಲ್ಲಿ ಕ್ಷಿಪಣಿಗಳ ವಿಡಿಯೊ ನೋಡಿ ಸಿದ್ಧರಾಗಿ ಬರುತ್ತಿದ್ದರು. ಕಾರ್ಖಾನೆಯವರು ಯಾವುದನ್ನೂ ನೋಡುತ್ತಿರಲಿಲ್ಲ. ತಾವು ಕೈಯಿಂದ ಮುಟ್ಟಿ ನೋಡಿದ ವಿಷಯ ಬಂದಾಗಲಂತೂ ಬಾಯಿ ಬಿಡುತ್ತಲೇ ಇರಲಿಲ್ಲ. ಅದು ಹೊರಗೆ ಹೇಳುವಂಥದ್ದಲ್ಲ ಎನ್ನುತ್ತಿದ್ದರು. ಹಾಗಾಗಿ ಮೂವರಲ್ಲಿ ಹೆಚ್ಚು ಗೊತ್ತಿದ್ದವರೇ ವಾದದಲ್ಲಿ ಹೆಚ್ಚು ಸೋಲುತ್ತಿದ್ದರು.

ನಾನು ಯಾವ ಕಡೆಯೂ ಇರಲಿಲ್ಲ. ಯಾರಾದರೂ ಏನಾದರೂ ಹೇಳಿದರೆ, ಯಾರು ಹೇಳಿದ್ದು, ಯಾವಾಗ, ಹೆಸರು ಕೊಟ್ಟು ಹೇಳಿದ್ದೇ ಎಂದು ಕೇಳುತ್ತಿದ್ದೆ. ಡೆಸ್ಕಿನ ಚಾಳಿ. ಮೂಲ ಗಟ್ಟಿಯಿಲ್ಲದ ಸುದ್ದಿಗೆ ನಾವು ಕೊನೆಯಲ್ಲಿ 'ಎನ್ನಲಾಗಿದೆ' ಎಂದು ಹಾಕುತ್ತಿದ್ದೆವು. ಆ ಒಂದು ಮಾತು ಹಾಕಿದರೆ ಸುದ್ದಿ ಸುಳ್ಳಾದರೂ ಹೊಣೆ ಯಾರ ಮೇಲೂ ಬರುತ್ತಿರಲಿಲ್ಲ. ಒಂದು ಸಲ ಬೆಂಚಿನ ಮೇಲೂ ನನ್ನ ಬಾಯಿಂದ ಅದು ಬಂತು. ಅಂದಿನಿಂದ ಓನರ್ ಬಾಯಲ್ಲಿ ನಾನು ಎನ್ನಲಾಗಿದೆ ಸಾರ್.

ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ಮಕ್ಕಳಿಲ್ಲ. ದಿನದಲ್ಲಿ ನಾನು ಪೂರ್ತಿ ವಾಕ್ಯಗಳಲ್ಲಿ ಮಾತಾಡುತ್ತಿದ್ದುದು ಆ ಒಂದು ಗಂಟೆ ಮಾತ್ರ. ಉಳಿದದ್ದು ಅರ್ಧ ಲೀಟರ್, ಚೀಲ ಬೇಡ, ಮೂರನೇ ಮಹಡಿ, ಇಷ್ಟರಲ್ಲಿ ಮುಗಿಯುತ್ತಿತ್ತು.

ಓನರ್ ಪಕ್ಷ ಸರಳವಾಗಿತ್ತು. ಬೇಕಾದ್ದನ್ನು ಹೊರಗಿಂದ ತರಬೇಕು, ಇವತ್ತೇ ತರಬೇಕು. ಕಾರ್ಖಾನೆಯವರ ಪಕ್ಷ ಕೇಳುವುದಕ್ಕೆ ಅಷ್ಟು ಸುಲಭವಿರಲಿಲ್ಲ. ನಮ್ಮ ದೇಸಿ ವಿಮಾನ ತಡವಾಗಿದೆ ಎಂದು ಅವರು ಮೊದಲೇ ಒಪ್ಪಿಕೊಳ್ಳುತ್ತಿದ್ದರು. ಎಂಜಿನ್ ಹೊರಗಿನದು ಎಂಬುದನ್ನೂ ಒಪ್ಪುತ್ತಿದ್ದರು. ಆದರೆ ಕೊಂಡ ವಿಮಾನಕ್ಕೂ ಮಾಡಿದ ವಿಮಾನಕ್ಕೂ ಇರುವ ವ್ಯತ್ಯಾಸ ಅದು ಕೆಟ್ಟ ದಿನ ಗೊತ್ತಾಗುತ್ತದೆ ಎನ್ನುತ್ತಿದ್ದರು.

"ಓನರ್ ಸಾಹೇಬ್ರೆ, ನಿಮ್ ಬಿಲ್ಡಿಂಗ್ ಲಿಫ್ಟ್ ಕೆಟ್ರೆ ಏನ್ ಮಾಡ್ತೀರಿ?"

"ಕಂಪನಿಯೋನಿಗೆ ಫೋನ್ ಹಾಕ್ತೀನಿ."

"ಅವ್ನು ಬರ್ಲಿಲ್ಲ ಅಂದ್ರೆ?"

"ಹುಡುಗ್ರು ಮೆಟ್ಲು ಹತ್ಕೊಂಡು ಹೋಗ್ತಾರೆ, ನನ್ನ ಬೈಕೊಂಡು."

"ವಿಮಾನಕ್ಕೆ ಮೆಟ್ಲಿರಲ್ಲ."

ಓನರ್ ನಕ್ಕರು. ಸೋತಾಗ ನಗುವುದು ಅವರ ಒಳ್ಳೆಯ ಗುಣ. ತಡದ ವಿಷಯದಲ್ಲಿ ಮಾತ್ರ ಬಿಡುತ್ತಿರಲಿಲ್ಲ. ತಮ್ಮ ತಂದೆಯ ಹೊಲಕ್ಕೆ ನೋಟಿಸು ಬಂದು, ಅಳತೆಯಾಗಿ, ಬಡಾವಣೆಯಾಗುವ ಹೊತ್ತಿಗೆ ತಮಗೇ ಮೀಸೆ ಬೆಳ್ಳಗಾಗಿತ್ತೆಂದು ಹೇಳಿ, ಸರ್ಕಾರಿ ಕಡತ ಅಂದರೆ ಏನೆಂದು ನನಗೆ ಹೇಳಿಕೊಡಬೇಡಿ ಎನ್ನುತ್ತಿದ್ದರು.

2025ರ ಫೆಬ್ರವರಿಯಲ್ಲಿ ಯಲಹಂಕದ ವೈಮಾನಿಕ ಪ್ರದರ್ಶನಕ್ಕೆ ಅಮೆರಿಕದ ಎಫ್-35, ರಷ್ಯಾದ ಸು-57 ಎರಡೂ ಬಂದವು. ಪಿಜಿಯ ಹುಡುಗನೊಬ್ಬ ಪಾಸು ಕೊಡಿಸಿದ್ದರಿಂದ ಓನರ್ ಹೋಗಿದ್ದರು. ಮೂಗು ಕೆಂಪಗೆ ಸುಟ್ಟುಕೊಂಡು ಬಂದು ಒಂದು ವಾರ ಅದನ್ನೇ ಮಾತಾಡಿದರು. ರಷ್ಯಾದವರು ತಂತ್ರಜ್ಞಾನವನ್ನೂ ಕೊಡುತ್ತಾರಂತೆ. ಕೊಡುತ್ತೇವೆ ಎನ್ನುವುದು ಬೇರೆ, ಕೊಟ್ಟಿದ್ದು ಬೇರೆ ಎಂದು ಕಾರ್ಖಾನೆಯವರು ಹೇಳಿದರು. ಬಿಚ್ಚಿ ನೋಡಲು ಬಿಡುತ್ತಾರಾ ಕೇಳಿ, ಬಿಚ್ಚಿದ್ದನ್ನು ಮತ್ತೆ ಜೋಡಿಸುವ ಕಾಗದ ಕೊಡುತ್ತಾರಾ ಕೇಳಿ. ಎರಡೂ ಕಡೆಯ ಹೇಳಿಕೆ ಬರಲಿ, ನೋಡೋಣ ಎಂದೆ ನಾನು. ಮೇ ತಿಂಗಳಲ್ಲಿ ಗಡಿಯಲ್ಲಿ ನಾಲ್ಕು ದಿನ ಕಾಳಗ ನಡೆದಾಗ ಬೆಂಚಿಗೆ ಬೇರೆಯವರೂ ಬಂದು ನಿಂತರು. ಡ್ರೋನುಗಳ ಬಗ್ಗೆ ಎಲ್ಲರೂ ಮಾತಾಡಿದರು. ಆ ನಾಲ್ಕು ದಿನ ಕಾರ್ಖಾನೆಯವರು ಏನೂ ಮಾತಾಡಲಿಲ್ಲ. ಪೈಲಟ್ ಹುಡುಗರು ಮೇಲೆ ಹಾರುತ್ತಿರುವಾಗ ಬೇಡ ಎಂದಿದ್ದರು.

ಅವರ ಕೆಲಸದ ಬಗ್ಗೆ ಅವರು ಹೇಳಿದ್ದು ಒಂದೇ ಸಂಗತಿ. ತಪಾಸಣೆಯವರಿಗೆ ಒಬ್ಬೊಬ್ಬರಿಗೂ ಒಂದೊಂದು ಅಂಕಿಯ ಮುದ್ರೆ ಇರುತ್ತಿತ್ತಂತೆ. ನೋಡಿದ ಪ್ರತಿ ಭಾಗದ ಕಾಗದದ ಮೇಲೆ ಅದನ್ನು ಒತ್ತಬೇಕು. ಇಪ್ಪತ್ತು ವರ್ಷದ ಮೇಲೆ ಏನಾದರೂ ಆದರೂ ಆ ಕಾಗದ ತೆಗೆದು, ಇದು ಯಾರು ನೋಡಿದ್ದು ಎಂದು ಕೇಳಬಹುದು. ಮುದ್ರೆಯನ್ನು ಯಾರಿಗೂ ಎರವಲು ಕೊಡುವಂತಿರಲಿಲ್ಲ, ಊಟಕ್ಕೆ ಹೋಗುವಾಗಲೂ ಜೇಬಿನಲ್ಲೇ. ತಲೆಬರಹಕ್ಕೆ ಯಾರ ಹೆಸರೂ ಇರುವುದಿಲ್ಲ ಎಂದು ನಾನು ಹೇಳಿದೆ. ಹೌದಾ, ಹಾಗಾದರೆ ನಿಮ್ಮದು ಆರಾಮ ಎಂದರು ಅವರು.

ಸೆಪ್ಟೆಂಬರ್ 15, ಸೋಮವಾರ. ಮಿಗ್ ವಿದಾಯದ ಸುದ್ದಿ ಎಲ್ಲ ಕಡೆ ಬರುತ್ತಿತ್ತು. ಅದರ ಜಾಗಕ್ಕೆ ಬರಬೇಕಾದ ದೇಸಿ ತೇಜಸ್ ವಿಮಾನದ ಹೊಸ ಮಾದರಿ ಬಂದಿಲ್ಲ ಎಂಬುದೂ ಜೊತೆಗೇ ಬರುತ್ತಿತ್ತು. ಓನರ್ ಮೊಬೈಲ್ ಹಿಡಿದುಕೊಂಡೇ ಬಂದರು. ಯಾವುದೋ ಗುಂಪಿನಿಂದ ಬಂದ ಹಳೆಯ ಪತ್ರಿಕೆಯ ತುಣುಕಿನ ಚಿತ್ರ. ಹಳದಿ ತಿರುಗಿದ ಎರಡು ಕಾಲಂ. ತಲೆಬರಹ ಎರಡು ಸಾಲಿನದು: ಬಾನಿಗೇರಿದ ದೇಸಿ ಯುದ್ಧವಿಮಾನ, ಅದರ ಕೆಳಗೆ, ವಾಯುಪಡೆಗೆ ಸೇರ್ಪಡೆ. ದಿನಾಂಕ 2001ರ ಜನವರಿ 5.

"ನೋಡಿ ಫ್ಯಾಕ್ಟ್ರಿ ಸಾರ್, ಇಪ್ಪತ್ನಾಲ್ಕು ವರ್ಷದ ಹಿಂದೇನೇ ಸೇರ್ಬಿಟ್ಟದೆ. ಇನ್ನೂ ಬರ್ಲಿಲ್ಲ ಅಂತ ಯಾಕೆ ಅಳೋದು? ಎಲ್ಲೋ ಇಟ್ಟು ಮರ್ತಿರ್ಬೇಕು, ಹುಡುಕ್ಸಿ" ಎಂದು ನಕ್ಕರು.

ಕಾರ್ಖಾನೆಯವರು ಕನ್ನಡಕ ಹಾಕಿಕೊಂಡು ಮೊಬೈಲನ್ನು ಬಹಳ ಹೊತ್ತು ನೋಡಿದರು. ಆಮೇಲೆ ಹೇಳಿದ್ದು ಇಷ್ಟು. ಆ ಜನವರಿ 4ರಂದು ವಿಮಾನ ಮೊದಲ ಸಲ ಹಾರಿತ್ತು. ತೇಜಸ್ ಎಂಬ ಹೆಸರೂ ಆಗ ಬಂದಿರಲಿಲ್ಲ. ಇಪ್ಪತ್ತು ನಿಮಿಷದೊಳಗೆ ಇಳಿಯಿತು. ಅವರು ಬೇಲಿಯ ಹತ್ತಿರ ನಿಂತು ನೋಡಿದ್ದರು. ಚನ್ನಪಟ್ಟಣದ ಕಡೆ ಮೇಷ್ಟರಾಗಿದ್ದ ಅವರ ತಂದೆ ಮರುದಿನ ಪತ್ರಿಕೆಯಿಂದ ಈ ತಲೆಬರಹ ಕತ್ತರಿಸಿ ದೇವರ ಮನೆಯ ಬಾಗಿಲಿಗೆ ಅಂಟಿಸಿದರು. ಮಗ ಮಾಡಿದ ವಿಮಾನ ವಾಯುಪಡೆಗೆ ಸೇರಿತು ಎಂದು ಊರಿಗೆಲ್ಲ ಹೇಳಿದರು. ಮಗನಿಗೆ ತಿದ್ದಲು ಬಾಯಿ ಬರಲಿಲ್ಲ. ವರ್ಷಗಳಾದ ಮೇಲೆ ಊರಿನವರು, ಎಲ್ಲಿ ಮೇಷ್ಟ್ರೇ ನಿಮ್ಮ ಮಗನ ವಿಮಾನ ಎಂದು ಕೇಳತೊಡಗಿದರು. ಮೊದಲ ಎರಡು ವಿಮಾನ ನಿಜವಾಗಿ ಸೇರಿದ್ದು 2016ರ ಜುಲೈ 1ರಂದು. ತಂದೆ ಅದಕ್ಕೆ ಏಳು ವರ್ಷ ಮೊದಲೇ ಹೋಗಿದ್ದರು.

"ಆ ಪೇಪರ್ನೋರಿಗೆ ಅವತ್ತೇ ಒಂದು ಕಾರ್ಡ್ ಬರ್ದಿದ್ದೆ. ಸೇರಿಲ್ಲ, ಹಾರಿದೆ ಅಷ್ಟೆ, ದಯವಿಟ್ಟು ತಿದ್ದಿ ಅಂತ. ಹೆಸ್ರು ಹಾಕೋ ಹಾಗಿರ್ಲಿಲ್ಲ, ಕಾರ್ಖಾನೆಯ ಒಬ್ಬ ನೌಕರ ಅಂತ ಹಾಕಿದ್ದೆ. ತಿದ್ಲಿಲ್ಲ."

ಆ ಕಾರ್ಡು ನನಗೆ ಗೊತ್ತಿತ್ತು. ಆ ತಲೆಬರಹ ನನ್ನದು. ಮೊದಲ ಸಾಲು ಸರಿಯಾಗಿ ಕೂತಿತ್ತು. ಎರಡನೆಯ ಸಾಲಿನಲ್ಲಿ ಮೊದಲ ಹಾರಾಟ ಎಂದು ಬರೆದರೆ ಎರಡೂ ಕಡೆ ಬಿಳಿ ಜಾಗ ಉಳಿಯುತ್ತಿತ್ತು. ವಾಯುಪಡೆಗೆ ಸೇರ್ಪಡೆ ಎಂದಾಗ ಎರಡು ಕಾಲಂ ತುಂಬಿತು. ವರದಿಯಲ್ಲಿ ಆ ಮಾತು ಇರಲಿಲ್ಲ. ಎಂದೋ ಸೇರಲೇಬೇಕಲ್ಲ ಎಂದುಕೊಂಡು ಪುಟ ಕಳಿಸಿದೆ. ನಾಲ್ಕು ದಿನದ ಮೇಲೆ ಕಾರ್ಡು ಬಂತು. ಸುದ್ದಿ ಸಂಪಾದಕರು 'ನೋಡಿ' ಎಂದು ಮೂಲೆಯಲ್ಲಿ ಗೀಚಿ ನನ್ನ ಮೇಜಿಗೆ ಕಳಿಸಿದ್ದರು. ನೋಡಿದೆ. ಹೆಸರಿಲ್ಲದ ಪತ್ರಕ್ಕೆ ಬೆಲೆಯಿಲ್ಲ ಎಂಬ ನಿಯಮವಿತ್ತು. ಖಾನೆಯಲ್ಲಿ ಇಟ್ಟೆ.

ಇದನ್ನು ಬೆಂಚಿನ ಮೇಲೆ ಹೇಳಬೇಕಿತ್ತು. ಹೇಳಿದ್ದು ಬೇರೆ.

"ಕಾರ್ಖಾನೆಯ ಪ್ರಕಟಣೆಯಲ್ಲೇ ಹಾಗಿತ್ತು, ಎನ್ನಲಾಗಿದೆ" ಎಂದೆ.

ತಮಾಷೆಯಾಗಿ ಹೇಳಿದೆನೆಂದು ನಂತರ ನನಗೆ ನಾನೇ ಅನೇಕ ಸಲ ಹೇಳಿಕೊಂಡಿದ್ದೇನೆ. ಓನರ್ ನಕ್ಕರು. ಕಾರ್ಖಾನೆಯವರು ನನ್ನ ಕಡೆ ತಿರುಗಿದರು.

"ಪ್ರಕಟಣೆ ನೀವು ನೋಡಿದ್ರಾ?"

ಅವರು ಕನ್ನಡಕ ಮಡಚಿ ಜೇಬಿಗಿಟ್ಟುಕೊಂಡು ಎದ್ದರು.

"ಮೂವತ್ತೇಳು ವರ್ಷದಲ್ಲಿ ನಾನು ಮುದ್ರೆ ಒತ್ತಿದ ಒಂದು ಕಾಗದದಲ್ಲೂ ಎನ್ನಲಾಗಿದೆ ಅಂತ ಇರ್ಲಿಲ್ಲ ಸಾರ್."

ಗೇಟಿನ ಕಡೆ ಹೋದರು. ಬಸ್ಸಿಗೆ ಹೊತ್ತಾಗಿರಬೇಕು ಎಂದರು ಓನರ್.

ಮರುದಿನ ಬರಲಿಲ್ಲ. ಮೂರನೆಯ ದಿನ ಫೋನ್ ಮಾಡಿದೆ, ಎತ್ತಲಿಲ್ಲ. ಓನರ್ ಮಾಡಿದ ಫೋನನ್ನು ಎತ್ತಿದರಂತೆ, ಮಂಡಿ ನೋವು ಎಂದರಂತೆ. ಮಂಡಿ ಇರಬಹುದು ಎಂದು ಓನರ್ ನಂಬಿದರು. ನಾನು ನಂಬಲಿಲ್ಲ, ಆದರೆ ಅದನ್ನು ಅವರಿಗೆ ಹೇಳಲಿಲ್ಲ.

ಇಬ್ಬರೇ ಉಳಿದಾಗ ಗೊತ್ತಾದದ್ದು, ನಮಗೆ ವಾದ ಮಾಡಲು ಬರುವುದಿಲ್ಲ ಎಂಬುದು. ಓನರ್ ಒಂದು ವಿಮಾನ ಕೊಳ್ಳಬೇಕು ಎಂದರೆ ನಾನು ಹೌದು, ನೋಡಬಹುದು ಎನ್ನುತ್ತಿದ್ದೆ. ಹತ್ತು ನಿಮಿಷದಲ್ಲಿ ಮಾತು ಮುಗಿಯುತ್ತಿತ್ತು. ಒಂದು ದಿನ ಓನರ್ ತಾವೇ ಕಾರ್ಖಾನೆಯವರ ಹಾಗೆ, ಬಿಚ್ಚಿ ನೋಡೋಕೆ ಬಿಡ್ತಾರಾ ಎಂದು ಕೇಳಿಕೊಂಡು, ತಾವೇ ಉತ್ತರ ಕೊಡಲು ಹೋಗಿ, ಅರ್ಧಕ್ಕೇ ಎದ್ದು ಇನ್ನೊಂದು ಸುತ್ತು ನಡೆಯಲು ಹೊರಟರು. ಸೆಪ್ಟೆಂಬರ್ 26ರ ಬೆಳಿಗ್ಗೆ ಮಿಗ್ ಬಗ್ಗೆ ನಾವು ಆಡಿದ ಮಾತು ನಾಲ್ಕೋ ಐದೋ ವಾಕ್ಯ. ಮನೆಗೆ ಹೋಗಿ ಟಿವಿಯಲ್ಲಿ ಹಾರಾಟ ನೋಡಿದೆ. ವಿಮಾನಗಳು ಕೆಳಗಿಳಿದ ಮೇಲೆ ಅವುಗಳಿಗೆ ನೀರು ಹಾರಿಸಿ ಗೌರವ ಕೊಟ್ಟರು. ಯಾಕೆ ನೀರು ಹಾರಿಸುತ್ತಾರೆ ಎಂದು ಕೇಳಬೇಕಿತ್ತು. ಕೇಳಬಹುದಾದವರು ಒಬ್ಬರೇ ಇದ್ದರು.

ಅಕ್ಟೋಬರ್ ಮೊದಲ ವಾರ ಉತ್ತರಹಳ್ಳಿ ಬಸ್ಸು ಹತ್ತಿದೆ. ಮನೆಯ ಗುರುತು ಓನರ್ ಕೊಟ್ಟಿದ್ದರು. ಮಳೆ ಬಂದ ಒಂದು ದಿನ ಸ್ಕೂಟರಿನಲ್ಲಿ ಬಿಟ್ಟು ಬಂದಿದ್ದರಂತೆ. ಗೇಟಿನ ಒಳಗೆ ಚಪ್ಪಲಿ ಸ್ಟ್ಯಾಂಡಿನಲ್ಲಿ ನಡಿಗೆಯ ಬಿಳಿ ಶೂ ಇತ್ತು. ಲೇಸು ಬಿಚ್ಚಿ ಒಳಗೆ ಸೇರಿಸಿಟ್ಟಿದ್ದರು, ಅವರ ಕ್ರಮ. ಒಳಗೆ ಕುಕ್ಕರ್ ಕೂಗಿತು. ಯಾರೋ ಹೆಂಗಸಿನ ದನಿ, ಅವರ ದನಿ, ಮತ್ತೆ ಹೆಂಗಸಿನ ದನಿ. ಕರೆಗಂಟೆಯ ಮೇಲೆ ಕೈಯಿಟ್ಟೆ. ಏನು ಹೇಳಬೇಕೆಂದು ಮೊದಲ ವಾಕ್ಯ ಸಿದ್ಧವಿರಲಿಲ್ಲ. ಒತ್ತದೆ ಬಸ್ ಸ್ಟಾಪಿಗೆ ವಾಪಸು ಬಂದೆ.

ಮೊದಲ ವಾಕ್ಯವನ್ನು ಮನೆಯಲ್ಲಿ ಬರೆದೆ. ಪತ್ರಿಕೆಯಲ್ಲಿ ತಿದ್ದುಪಡಿ ಹಾಕುವುದಕ್ಕೆ ಒಂದು ಅಚ್ಚು ಇದೆ. ಪ್ರಮಾದವಶಾತ್ ಹೀಗೆ ಪ್ರಕಟವಾಗಿದೆ, ವಿಷಾದಿಸುತ್ತೇವೆ ಎಂದು. ಅದರಲ್ಲೂ ತಪ್ಪು ಮಾಡಿದವನು ಇರುವುದಿಲ್ಲ; ತಪ್ಪು ತಾನಾಗಿಯೇ ಪ್ರಕಟವಾಗುತ್ತದೆ. ಅಂಚೆ ಕಚೇರಿಗೆ ಹೋಗಿ ಕಾರ್ಡು ತಂದೆ. ಎರಡು ಕಾರ್ಡು ಹಾಳಾದವು. ಮೂರನೆಯದರಲ್ಲಿ ಪ್ರಮಾದವಶಾತ್ ತೆಗೆದೆ, ವಿಷಾದಿಸುತ್ತೇವೆ ತೆಗೆದೆ. ಉಳಿದದ್ದು ಇದು:

'ತಿದ್ದುಪಡಿ. 2001ರ ಜನವರಿ 5ರ ಸಂಚಿಕೆಯಲ್ಲಿ ವಾಯುಪಡೆಗೆ ಸೇರ್ಪಡೆ ಎಂಬ ತಲೆಬರಹ ತಪ್ಪು. ವಿಮಾನ ಸೇರಿರಲಿಲ್ಲ, ಹಾರಿತ್ತು ಅಷ್ಟೆ. ಜಾಗ ತುಂಬಲು ಬರೆದವನು ನಾನು. ನಿಮ್ಮ ಕಾರ್ಡು ಬಂದಿತ್ತು. ಪ್ರಕಟಣೆಯಲ್ಲಿ ಹಾಗಿರಲಿಲ್ಲ.'

ಕೆಳಗೆ ನನ್ನ ಹೆಸರನ್ನು ಇನಿಷಿಯಲ್ ಸಮೇತ ಪೂರ್ತಿ ಬರೆದು, ಡಬ್ಬಿಗೆ ಹಾಕಿದೆ.

ಮರುದಿನ ಓನರ್‌ಗೂ ಹೇಳಿದೆ. ಅವರು ನಗಲಿಲ್ಲ. ಬಾಟಲಿಯಿಂದ ಒಂದು ಗುಟುಕು ನೀರು ಕುಡಿದು ಮುಚ್ಚಳ ತಿರುಗಿಸಿದರು.

"ಅವತ್ತೇ ಹೇಳ್ಬೋದಿತ್ತಲ್ಲ ಸಾರ್. ನಾನು ಫಾರ್ವರ್ಡ್ ತೋರ್ಸಿದ್ದು. ನಿಮ್ದೂಂತ ಗೊತ್ತಿದ್ರೆ ತೋರಿಸ್ತಾನೇ ಇರ್ಲಿಲ್ಲ."

ಅಂದಿನಿಂದ ಅವರು ನನ್ನನ್ನು ಬರೀ ಸಾರ್ ಎನ್ನುತ್ತಾರೆ.

ಅಕ್ಟೋಬರ್ 17ರಂದು ತೇಜಸ್ ವಿಮಾನದ ಆ ಹೊಸ ಮಾದರಿ, ನಾಸಿಕದಲ್ಲಿ ತಯಾರಾದ ಮೊದಲ ಮಾರ್ಕ್-1ಎ, ಹಾರಿತು. ಮರುದಿನ ಮೂರು ಪತ್ರಿಕೆ ತಂದು ತಲೆಬರಹ ನೋಡಿದೆ. ಮೂರರಲ್ಲೂ ಹಾರಾಟ ಎಂದೇ ಇತ್ತು. ಕಾರ್ಡಿಗೆ ಉತ್ತರ ಬಂದಿರಲಿಲ್ಲ. ದೀಪಾವಳಿ ಬಂತು, ಹೋಯಿತು.

ನವೆಂಬರ್ 21, ಶುಕ್ರವಾರ ಮಧ್ಯಾಹ್ನ, ದುಬೈ ವೈಮಾನಿಕ ಪ್ರದರ್ಶನದಲ್ಲಿ ತೇಜಸ್ ವಿಮಾನವೊಂದು ನೆಲಕ್ಕೆ ಅಪ್ಪಳಿಸಿತು. ಟಿವಿಯಲ್ಲಿ ಹೊಗೆ ಒಂದೇ ಕಾಣುತ್ತಿತ್ತು. ಪೈಲಟ್ ಹೊರಗೆ ಹಾರಿದ್ದಾರೆಯೇ ಇಲ್ಲವೇ ಎಂಬುದಕ್ಕೆ ಒಂದೊಂದು ಕಡೆ ಒಂದೊಂದು ಮಾತು. ಹಳೆಯ ಅಭ್ಯಾಸದಂತೆ ಕಾಗದದಲ್ಲಿ ವೇಳೆ ಬರೆದು, ಯಾರು ಏನು ಹೇಳಿದರು ಎಂದು ಗುರುತು ಹಾಕಿಕೊಳ್ಳುತ್ತಾ ಕೂತಿದ್ದೆ. ಸಂಜೆಯ ಹೊತ್ತಿಗೆ ವಾಯುಪಡೆಯ ಹೇಳಿಕೆ ಬಂತು. ಅದನ್ನು ಎರಡು ಸಲ ಓದಿದೆ. ಆಗ ಫೋನ್ ಬಂತು. ಕಾರ್ಖಾನೆಯವರದು.

ನಮಸ್ಕಾರ ಎನ್ನಲಿಲ್ಲ. ಅವರ ಮನೆಯಲ್ಲೂ ಟಿವಿ ಜೋರಾಗಿತ್ತು, ಅದೇ ಚಾನೆಲ್.

"ಆ ಹುಡುಗ?" ಎಂದರು. ನಾನು ಬಾಯಿ ತೆಗೆಯುವುದರೊಳಗೆ ಮತ್ತೆ, "ಎನ್ನಲಾಗಿದೆ ಬೇಡ. ಖಚಿತ ಗೊತ್ತಿದ್ರೆ ಮಾತ್ರ ಹೇಳಿ."

"ವಾಯುಪಡೆಯೇ ಹೇಳಿದೆ. ಉಳಿದಿಲ್ಲ" ಎಂದೆ.

ಅವರ ಟಿವಿ ಆರಿಸಿದ್ದು ಕೇಳಿಸಿತು. ನನ್ನದನ್ನೂ ಆರಿಸಿದೆ. ಕಾರಣದ ಬಗ್ಗೆ ಇಬ್ಬರೂ ಕೇಳಲಿಲ್ಲ, ತನಿಖೆ ಆಗಬೇಕಿತ್ತು.

"ಕಾರ್ಡ್ ಬಂತು" ಎಂದರು ಕೊನೆಗೆ.

ನಾನು ಹೂಂ ಎಂದೆ.

"ಅಪ್ಪ ಇದ್ದಿದ್ರೆ ಅದನ್ನೂ ಅಂಟಿಸ್ತಿದ್ರು."

ಫೋನ್ ಇಟ್ಟರು. ಅದರಲ್ಲಿ ಕೋಪವಿತ್ತೇ, ಇಲ್ಲವೇ ಎಂದು ನನಗೆ ಗೊತ್ತಾಗಲಿಲ್ಲ. ಮಾತಾಡಿದ ಹೊತ್ತು ಮೂರು ನಿಮಿಷ ಎಂದು ಮೊಬೈಲ್ ತೋರಿಸುತ್ತಿತ್ತು.

ಮರುದಿನ ಬೆಂಚಿನಲ್ಲಿ ನಾನೂ ಓನರೂ ಎಡತುದಿ ಬಿಟ್ಟು ಕೂತೆವು. ಅವರು ಬರಲಿಲ್ಲ. ಡಿಸೆಂಬರಿನಲ್ಲೂ ಬರಲಿಲ್ಲ. ನಾನು ಮತ್ತೆ ಫೋನ್ ಮಾಡಲಿಲ್ಲ. ಎರಡು ಸಲ ನಂಬರ್ ತೆಗೆದು ಮುಚ್ಚಿದೆ. ಚಳಿಗೆ ಪಾರ್ಕಿನಲ್ಲಿ ಜನ ಕಡಿಮೆ. ಓನರ್ ವಾರಕ್ಕೆ ಮೂರು ದಿನ ಬರುತ್ತಿದ್ದರು. ಉಳಿದ ದಿನ ಮೂವರ ಬೆಂಚಿನಲ್ಲಿ ಒಬ್ಬನೇ ನಡುವೆ ಕೂರುತ್ತಿದ್ದೆ. ತುದಿಗೆ ಸರಿಯಲು ಆಗುತ್ತಿರಲಿಲ್ಲ.

2026ರ ಜನವರಿ 4, ಭಾನುವಾರ, ಆ ಮೊದಲ ಹಾರಾಟಕ್ಕೆ ಇಪ್ಪತ್ತೈದು ವರ್ಷ ತುಂಬಿದ ದಿನ, ಬೆಳಿಗ್ಗೆ ಏಳಕ್ಕೆ ಐದು ನಿಮಿಷ ಇರುವಾಗ ಕಾರ್ಖಾನೆಯವರು ಪಾರ್ಕಿನ ಗೇಟಿನಿಂದ ಒಳಗೆ ಬಂದರು. ಬಿಳಿ ಶೂ, ಮಫ್ಲರ್. ಎರಡು ಸುತ್ತು ನಡೆದರು. ಎರಡನೆಯ ಸುತ್ತಿನಲ್ಲಿ ಹೊಂಗೆ ಮರದ ಹತ್ತಿರ ಬಂದಾಗ ನಮ್ಮ ಕಡೆ ನೋಡಿ ಕೈ ಎತ್ತಿದರು. ಓನರ್ ಎದ್ದು ನಿಂತರು. ನಾನು ಸರಿದು ಎಡಗಡೆ ಜಾಗ ಬಿಟ್ಟೆ. ಏಳೂಕಾಲಿಗೆ ಅವರು ಉತ್ತರಹಳ್ಳಿ ಬಸ್ಸು ಹತ್ತಿದರು. ಬೆಂಚಿಗೆ ಬಂದು ಕೂತಿಲ್ಲ.